ಹೆಸರು ಹಿಡಿದು ಕರೆಯುವ ಪಾಠ

ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಲಬುರಗಿ, ಬೀದರ್, ರಾಯಚೂರು ಕಡೆಯ ಮನೆಗಳು ಕೆಲವಿವೆ. ಶ್ರಾವಣದಲ್ಲಿ ಅರಿಶಿನ ಕುಂಕುಮಕ್ಕೆ ಸೇರಿದಾಗ ಆ ಹೆಂಗಸರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಹತ್ತನೇ ಕ್ಲಾಸ್ ಪಾಸಾದ ಹಳ್ಳಿ ಹುಡುಗ್ಯಾರನ್ನ ಟೀಚರ್ ಮಾಡಾಕತ್ತೀರಂತಲ್ರಿ. ಬಿ.ಎಡ್. ಮಾಡಿದವ್ರು ಈ ಊರಾಗ ಸಿಗಂಗಿಲ್ಲೇನ್ರಿ?"

ಸಿಗುತ್ತಾರೆ. ಸಿಕ್ಕಿದ್ದರು ಕೂಡ. ಎರಡೆರಡು ಡಿಗ್ರಿ ಇದ್ದವರೊಬ್ಬರು ಬಂದಿದ್ದರು. ನಮ್ಮ ಪಾಠ ನಡೆಯುವ ತಗಡಿನ ಖೋಲಿಯ ಬಾಗಿಲಲ್ಲಿ ನಿಂತು ಕರ್ಚೀಫಿನಿಂದ ಮೊದಲು ಕುರ್ಚಿ ಒರೆಸಿದರು, ಆಮೇಲೆ ಅದನ್ನೇ ಮೂಗಿಗೆ ಹಿಡಿದರು. ಮಕ್ಕಳ ತಲೆಯಲ್ಲಿ ಹೇನಿರಬಹುದೆಂದು ಕುರ್ಚಿಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಳೆದುಕೊಂಡು ಕೊನೆಗೆ ಗೋಡೆಗೆ ಅಂಟಿದರು. ಮರುದಿನ ಬರಲಿಲ್ಲ. ಅವರ ಕಷ್ಟ ಅವರಿಗೆ, ನೀನು ಸ್ವಲ್ಪ ದೊಡ್ಡ ಮನಸ್ಸು ಮಾಡು ಎಂದು ನಮ್ಮ ಮನೆಯವರು ಹೇಳುತ್ತಾರೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಹಾಗಾಗಿ ಪ್ರಶ್ನೆ ಕೇಳಿದವರಿಗೆ ಈಗ ನಾನು ವಿವರಣೆ ಕೊಡುವುದನ್ನೇ ಬಿಟ್ಟಿದ್ದೇನೆ. "ಹಂಗಾದ್ರ ನೀವ ಬರ್ರಲ್ಲ, ನಾಳಿಂದ" ಎನ್ನುತ್ತೇನೆ. ಕುಂಕುಮದ ಬಟ್ಟಲು ತಕ್ಷಣ ಮುಂದಿನವರ ಕೈಗೆ ಹೋಗುತ್ತದೆ.

ಮಿಯಾಪುರದಲ್ಲಿ ಮೆಟ್ರೊ ಮುಗಿಯುತ್ತದೆ, ಊರು ಮುಗಿಯುವುದಿಲ್ಲ. ಅದರಾಚೆ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇವೆ. ಅವನ್ನು ಎಬ್ಬಿಸುತ್ತಿರುವವರಲ್ಲಿ ನಮ್ಮ ಯಾದಗಿರಿ, ರಾಯಚೂರು ಕಡೆಯವರು ಬಹಳ ಜನ. ಗಂಡಸರದು ಸೆಂಟ್ರಿಂಗ್, ಕಬ್ಬಿಣ ಕಟ್ಟುವ ಕೆಲಸ. ಹೆಂಗಸರು ಉಸುಕು ಸೋಸುತ್ತಾರೆ, ಇಟ್ಟಿಗೆ ಹೊರುತ್ತಾರೆ. ಏಳುತ್ತಿರುವ ಕಟ್ಟಡದ ಬಗಲಲ್ಲೇ ತಗಡಿನ ಶೆಡ್ಡುಗಳ ಸಾಲು. ಅದೇ ಅವರ ಊರು, ಅದನ್ನು ಎಲ್ಲರೂ ಕ್ಯಾಂಪ್ ಎನ್ನುತ್ತಾರೆ. ಅಲ್ಲಿನ ಗಂಡುಹುಡುಗರು ಹೇಗೋ ಹತ್ತಿರದ ಸರ್ಕಾರಿ ಶಾಲೆಯ ಕಡೆ ಹೋಗುತ್ತಾರೆ. ಹುಡುಗಿಗೆ ಏಳೆಂಟು ವರ್ಷವಾಯಿತೋ ಇಲ್ಲವೋ, ಅವಳ ಸೊಂಟದ ಮೇಲೊಂದು ಕೂಸು ಬಂದು ಕೂರುತ್ತದೆ. ತಮ್ಮನೋ, ತಂಗಿಯೋ. ಅವ್ವ ಕೆಲಸಕ್ಕೆ ಹೋಗಬೇಕಾದರೆ ಯಾರಾದರೂ ಹಿಡಿಯಬೇಕಲ್ಲ. ಅದನ್ನೂ ಮೀರಿ ಯಾವಳಾದರೂ ಶಾಲೆಗೆ ಹೋದಳು ಎನ್ನಿ, ಅಲ್ಲಿರುವುದು ತೆಲುಗು. ಮನೆಯಲ್ಲಿ ಕನ್ನಡ ಬಿಟ್ಟು ಬೇರೇನೂ ಕೇಳದ ಹುಡುಗಿ ಬಾಯಿ ಕಟ್ಟಿಕೊಂಡು ಕೂತು ಕೂತು ಬೇಸತ್ತು, ಒಂದು ದಿನ ಕ್ಯಾಂಪಿನಲ್ಲೇ ಉಳಿದುಬಿಡುತ್ತಾಳೆ. ಯಾರೂ ಕೇಳುವುದಿಲ್ಲ.

ಯಾರೂ ಕೇಳುವುದಿಲ್ಲ ಎಂಬುದೇ ನನ್ನ ಸಿಟ್ಟಿನ ಮೂಲ. ಹೈದರಾಬಾದಿನ ಕನ್ನಡ ಶಾಲೆಯೊಂದರಲ್ಲಿ ಪಾಠ ಮಾಡಿ ನಿವೃತ್ತಳಾದ ಮೇಲೆ ಇಂಥ ಹುಡುಗಿಯರಿಗೆ ಓದು ಕಲಿಸುವ ಸಣ್ಣ ಸಂಸ್ಥೆಯೊಂದರವರು ಕರೆದರು, ಬಂದೆ. ನಮ್ಮ ಲೆಕ್ಕಾಚಾರ ಸರಳ. ಕ್ಯಾಂಪಿಗೆ ಹೊರಗಿನಿಂದ ಟೀಚರನ್ನು ತಂದರೆ ನಿಲ್ಲುವುದಿಲ್ಲ. ಕ್ಯಾಂಪಿನಲ್ಲೇ ಇರುವ, ಹಳ್ಳಿಯಲ್ಲಿ ಹತ್ತನೇ ತರಗತಿಯೋ ಪಿಯುಸಿಯೋ ಮುಗಿಸಿ, ಮದುವೆಯಾಗಿ, ಗಂಡನ ಹಿಂದೆ ಬಂದು ಇಟ್ಟಿಗೆ ಹೊರುತ್ತಿರುವ ಹೆಣ್ಣುಮಕ್ಕಳನ್ನು ಹುಡುಕಿ ಅವರನ್ನೇ ಟೀಚರ್ ಮಾಡಬೇಕು. ಅವರು ಹುಡುಗಿಯರಿಗೆ ಮೊದಲು ಕನ್ನಡದಲ್ಲಿ ಓದು ಕಲಿಸಿ, ಅದರ ಬೆನ್ನಿಗೇ ತೆಲುಗು ಹಿಡಿಸಿ, ಸರ್ಕಾರಿ ಶಾಲೆಗೆ ಸೇರಿಸಬೇಕು.

ತರಬೇತಿ ನಡೆಯುವುದು ಅಮೀರ್‌ಪೇಟೆಯಲ್ಲಿ, ಒಂದು ಸಾಫ್ಟ್‌ವೇರ್ ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ. ನಮ್ಮ ಹುಡುಗಿಯರು ಬರುವಾಗ ಮೆಟ್ಟಿಲ ತುಂಬ ಬ್ಯಾಗು ಹಾಕಿಕೊಂಡ ಹುಡುಗರು ನಿಂತಿರುತ್ತಾರೆ. ನಮ್ಮವರ ತಲೆ ಮೇಲೆ ಸೆರಗು, ಕೈಯಲ್ಲಿ ಬುತ್ತಿ, ಹಿಮ್ಮಡಿಯಲ್ಲಿ ಒಣಗಿದ ಸಿಮೆಂಟು. ಮೊದಲ ವಾರ ವಾಚ್‌ಮನ್ ಅವರನ್ನು ತಡೆದು, ಕಸ ಗುಡಿಸುವವರು ಹಿಂದಿನ ಬಾಗಿಲಿನಿಂದ ಹೋಗಬೇಕು ಎಂದು ತೆಲುಗಿನಲ್ಲಿ ಹೇಳಿದ್ದ. ಅವರೂ ಮಾತಿಲ್ಲದೆ ಹಿಂದಿನ ಬಾಗಿಲಿಗೆ ಹೋಗಿದ್ದರು. ನಾನು ಅವರನ್ನೆಲ್ಲ ಮತ್ತೆ ಕೆಳಗಿಳಿಸಿ, ರಸ್ತೆಗೆ ಕರೆದುಕೊಂಡು ಹೋಗಿ, ಮುಂದಿನ ಬಾಗಿಲಿನಿಂದಲೇ ಹತ್ತಿಸಿದೆ. ವಾಚ್‌ಮನ್ ಬಾಯಿ ತೆರೆಯುವ ಮೊದಲೇ "ಟೀಚರ್ಲು" ಎಂದೆ. ಅವನು ಎದ್ದು ನಿಂತ. ಅವನ ತಪ್ಪೇನಿಲ್ಲ, ಅವನಿಗೂ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಮೊದಲ ಪಾಠ ಹಾಜರಿ ಕರೆಯುವುದು. ನಗಬೇಡಿ, ಇದು ಹಗುರವಾದ ಪಾಠವಲ್ಲ. ಕ್ಯಾಂಪಿನ ಹುಡುಗಿಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಅವಳು "ಏ ಹುಡುಗಿ", "ಏ ಸಣ್ಣಾಕಿ", "ಏ ಕೂಸು ಅಳಾಕತ್ತೈತಿ ಕೇಳವಲ್ದೇನು". ಆದ್ದರಿಂದ ಪ್ರತಿದಿನ ಬೆಳಿಗ್ಗೆ ಟೀಚರ್ ಒಬ್ಬೊಬ್ಬಳ ಮುಖ ನೋಡಿ, ಅವಳ ಹೆಸರನ್ನು ಪೂರ್ತಿಯಾಗಿ, ಎಲ್ಲರಿಗೂ ಕೇಳುವಂತೆ ಕರೆಯಬೇಕು. ಹುಡುಗಿ ಎದ್ದು ನಿಂತು "ಬಂದೀನ್ರಿ ಅಕ್ಕೋರ" ಎನ್ನಬೇಕು. ಅಕ್ಕೋರು ಎಂದರೆ ನಮ್ಮ ಕಡೆ ಹುಡುಗಿಯರ ಬಾಯಲ್ಲಿ ಟೀಚರಮ್ಮ. ಇಷ್ಟಾಗದೆ ಪುಸ್ತಕ ತೆರೆಯುವಂತಿಲ್ಲ. ಈ ನಿಯಮ ನಾನೇ ಮಾಡಿದ್ದು. ಇದನ್ನು ಸಡಿಲಿಸು ಎಂದು ಯಾರು ಹೇಳಿದರೂ ನಾನು ಕೇಳಿಲ್ಲ.

ತರಬೇತಿಗೆ ಬಂದ ಆ ತಂಡದಲ್ಲಿ ಯಾದಗಿರಿ ಕಡೆಯ ಒಬ್ಬಳಿದ್ದಳು. ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ಹುಟ್ಟು ಟೀಚರುಗಳನ್ನು ನಾನು ಹೆಚ್ಚು ನೋಡಿಲ್ಲ. ಕಳೆಯುವ ಲೆಕ್ಕ ಕಲಿಸಲು ಅವಳು ಹುಡುಗಿಯರನ್ನೇ ಇಟ್ಟಿಗೆ ಸಾಲಿನಂತೆ ನಿಲ್ಲಿಸಿ, "ಮೇಸ್ತ್ರಿ ಬಂದ, ಮೂರು ಒಯ್ದ" ಎಂದು ಮೂವರನ್ನು ಹೊರಗೆ ಓಡಿಸುತ್ತಿದ್ದಳು. ಹೊರಗೆ ಓಡಿದವರು ತಮ್ಮನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕಿಟಕಿಯಲ್ಲಿ ಕೂಗುತ್ತಿದ್ದರು. ಗಂಡ ಕಬ್ಬಿಣ ಕಟ್ಟುವ ಕೆಲಸದವನು, ಮಾತು ಕಡಿಮೆ. ಮಾವ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಅತ್ತೆಯದು. ಆ ಅತ್ತೆ ಅದೇ ಕ್ಯಾಂಪಿನಲ್ಲಿ ಉಸುಕು ಸೋಸುವವಳು, ಎತ್ತರದ ಗಟ್ಟಿ ಹೆಂಗಸು, ಮೇಸ್ತ್ರಿಯೂ ಅವಳ ಎದುರು ದನಿ ತಗ್ಗಿಸುತ್ತಿದ್ದ. ಸೊಸೆಯನ್ನು ತರಬೇತಿಗೆ ಕಳಿಸು ಎಂದು ಕೇಳಲು ನಾನೇ ಹೋಗಿದ್ದೆ. ಸಲಿಕೆ ಊರಿಕೊಂಡು ನಿಂತು ಕೇಳಿಸಿಕೊಂಡು, ಅವಳು ಎರಡು ಮಾತು ಹೇಳಿದ್ದಳು. "ಕಲೀಲಿ, ನಾ ಬ್ಯಾಡನ್ನಂಗಿಲ್ಲ. ಆದ್ರ ತಲಿ ಮ್ಯಾಲಿನ ಸೆರಗು ಇಳಿಯಂಗಿಲ್ಲ, ಹಿರ್ಯಾರ ಹೆಸರ ಬಾಯಾಗ ಬರಂಗಿಲ್ಲ."

ಇದರಲ್ಲೇನು ದೊಡ್ಡ ಮಾತು ಎಂದು ನಾನು ತಲೆಯಾಡಿಸಿ ಬಂದೆ. ನಮ್ಮ ಕಡೆ ಗೊತ್ತಿರುವುದೇ ಅಲ್ಲವೇ? ಸೊಸೆಯಾದವಳು ಗಂಡನ ಹೆಸರು, ಅತ್ತೆ ಮಾವನ ಹೆಸರು ಎತ್ತುವುದಿಲ್ಲ. ಮದುವೆ ಮುಂಜಿಯಲ್ಲಿ ಬಲವಂತ ಮಾಡಿ ಗಂಡನ ಹೆಸರನ್ನು ಒಗಟಿನಂತೆ ಹೇಳಿಸುತ್ತಾರೆ, ಅವಳು ಕೆಂಪಗಾಗಿ ಹೇಳುತ್ತಾಳೆ, ಎಲ್ಲರೂ ನಗುತ್ತಾರೆ. ಅತ್ತೆಯ ಹೆಸರಿಗೆ ಆ ಆಟವೂ ಇಲ್ಲ.

ಅವಳ ತರಗತಿ ಕ್ಯಾಂಪಿನ ತುದಿಯ ಶೆಡ್ಡಿನಲ್ಲಿ. ಅಭ್ಯಾಸದ ಪಾಠ ನೋಡಲು ನಾನು ಆಗಾಗ ಹೋಗಿ ಹಿಂದೆ ಕೂರುತ್ತಿದ್ದೆ. ಹಾಜರಿ ಚೆನ್ನಾಗಿ ಕರೆಯುತ್ತಿದ್ದಳು. ಆದರೆ ಮೂಲೆಯಲ್ಲಿ ಒಬ್ಬಳು ಹುಡುಗಿ, ಒಂಬತ್ತು ವರ್ಷವಿರಬಹುದು, ಕೆಂಪು ರಿಬ್ಬನಿನ ಎರಡು ಜಡೆ. ಅವಳ ಸರದಿ ಬಂದಾಗ ಮಾತ್ರ ಟೀಚರ್ ಗಲ್ಲ ಎತ್ತಿ, ಆ ಕಡೆ ತೋರಿಸಿ, "ಹಾಂ, ನೀ ಬಂದೀಯಲ್ಲ" ಎಂದು ಮುಂದೆ ಹೋಗುತ್ತಿದ್ದಳು. ಹುಡುಗಿ ಎದ್ದು ನಿಲ್ಲಲು ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ಹೊಸಬಳಿರಬೇಕು, ಹೆಸರು ಇನ್ನೂ ಬಾಯಿಗೆ ಹತ್ತಿಲ್ಲ ಎಂದುಕೊಂಡೆ. ಮುಂದಿನ ಸಲ ಹೋದಾಗ ಆ ಮೂಲೆ ಖಾಲಿ ಇತ್ತು. ಅದರ ಮುಂದಿನ ಸಲವೂ ಖಾಲಿ.

ಹುಡುಗಿಯ ಅವ್ವನನ್ನು ಹುಡುಕಿಕೊಂಡು ಹೋದೆ. ಇಟ್ಟಿಗೆಯ ಬುಟ್ಟಿ ತಲೆಯ ಮೇಲಿತ್ತು, ಇಳಿಸಲಿಲ್ಲ, ನಿಂತೇ ಮಾತಾಡಿದಳು. "ಅಕಿ ವಲ್ಲೆ ಅಂತಾಳ್ರಿ. ಅಕ್ಕೋರು ಎಲ್ಲಾರ ಹೆಸರ ಕರೀತಾರಂತ, ಅಕಿದಷ್ಟ ಬಿಡ್ತಾರಂತ. ನಾನೂ ಕಿಟಕ್ಯಾಗ ನಿಂತ ನೋಡೀನ್ರಿ, ಖರೇನ ಐತಿ. ಬ್ಯಾಡಾದ ಹುಡುಗಿನ್ನ ಯಾಕ ಕಳಸಲಿ? ಕೂಸರ ಹಿಡೀತಾಳ." ಹೇಳಿ ಮೆಟ್ಟಿಲು ಹತ್ತಿಹೋದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ಜಗಳವಾಡಿದ್ದರೆ ನನಗೆ ಹೆಚ್ಚು ಸಮಾಧಾನವಾಗುತ್ತಿತ್ತು.

ಮರುದಿನ ಅಮೀರ್‌ಪೇಟೆಯಲ್ಲಿ ತಂಡದ ಎಲ್ಲರೆದುರು ಯಾದಗಿರಿಯವಳನ್ನು ನಿಲ್ಲಿಸಿ ಕೇಳಿದೆ. ಒಳಗೆ ಕರೆದು ಮೆತ್ತಗೆ ಕೇಳಬಹುದಿತ್ತು. ನನ್ನ ಸ್ವಭಾವ ಹಾಗಿಲ್ಲ. ಆ ಹುಡುಗಿಯ ಹೆಸರು ಹೇಳು ಎಂದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಳು. ಮತ್ತೆ ಕೇಳಿದೆ. ಪಕ್ಕದಲ್ಲಿ ಕೂತ, ಅದೇ ಕ್ಯಾಂಪಿನ ಇನ್ನೊಬ್ಬಳು ಕೊನೆಗೆ ಬಾಯಿಬಿಟ್ಟಳು. "ಅದು ಅಕಿ ಅತ್ತಿ ಹೆಸರ್ರಿ ಮೇಡಂ."

ಊರದೇವಿಯ ಹೆಸರು. ಆ ಸೀಮೆಯಲ್ಲಿ ಮನೆಗೊಬ್ಬಳಿಗೆ ಇರುವ ಹೆಸರು. ಅಜ್ಜಿಗೂ ಅದೇ, ಮೊಮ್ಮಗಳಿಗೂ ಅದೇ. ನಾನಿಲ್ಲಿ ಅದನ್ನು ಬರೆಯುತ್ತಿಲ್ಲ, ಹೆಸರಿನ ಒಡತಿಯನ್ನು ಕೇಳದೆ ಬರೆಯುವುದು ಸರಿಯಲ್ಲ ಎಂದು. ಶೆಡ್ಡಿನ ತಗಡಿಗೆ ಕಿವಿಯಿರುತ್ತದೆ. ತರಗತಿಯಿಂದ ಕೂಗಿದರೆ ಉಸುಕಿನ ಗುಡ್ಡೆಯ ತನಕ ಕೇಳುತ್ತದೆ. ಅದಕ್ಕೇ ಇವಳು ಆ ಒಂದು ಹೆಸರನ್ನು ನುಂಗುತ್ತ ಬಂದಿದ್ದಳು.

"ಬ್ಯಾರೆ ಹೆಸರ ಇಡೂನ್ರಿ ಮೇಡಂ ಅಕಿಗೆ," ಎಂದಳು, ಬಹಳ ದಿನದಿಂದ ಯೋಚಿಸಿಟ್ಟುಕೊಂಡವಳಂತೆ. "ಸಾಲಿಗಷ್ಟ. ಛಲೋದೊಂದು ಹೆಸರ ಇಡೂನು."

ನನಗೆ ರೇಗಿಹೋಯಿತು. ನಮ್ಮ ಕಡೆ ಮದುವೆಯ ದಿನ ಅಕ್ಕಿಯಲ್ಲಿ ಬರೆದು ಹೆಣ್ಣಿನ ಹೆಸರು ಬದಲಿಸುವ ಮನೆಗಳಿವೆ. ಅದು ಸಾಲದು ಎಂದು ಇನ್ನು ಒಂದನೇ ತರಗತಿಯಲ್ಲೂ ಬದಲಿಸೋಣವೇ ಎಂದು ಕೇಳಿದೆ. ಆ ಹುಡುಗಿಗೆ ಸ್ವಂತದ್ದು ಎಂದು ಏನಿದೆ, ಹೇಳು. ಹಾಸಿಗೆ ತಮ್ಮನದು, ಹೊತ್ತು ಅವ್ವನದು, ನಾಳೆ ಯಾವ ಊರಲ್ಲಿರುತ್ತಾಳೋ ಅದು ಮೇಸ್ತ್ರಿಗೆ ಗೊತ್ತು. ಇರುವುದು ಒಂದು ಹೆಸರು. ಅದನ್ನೂ ನಿನ್ನ ಮರ್ಯಾದೆಗಾಗಿ ಬಿಟ್ಟುಕೊಡಬೇಕೇ? ಆ ಹೆಸರು ಬಾಯಲ್ಲಿ ಬಾರದಿದ್ದರೆ ನೀನು ಎಷ್ಟು ಚೆನ್ನಾಗಿ ಲೆಕ್ಕ ಕಲಿಸಿದರೂ ಟೀಚರ್ ಅಲ್ಲ, ನಾನು ನಿನ್ನನ್ನು ಪಾಸು ಮಾಡುವುದಿಲ್ಲ ಎಂದುಬಿಟ್ಟೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ತಲೆ ಎತ್ತಿ ನೇರ ನನ್ನ ಮುಖ ನೋಡಿದಳು. "ಒಂದು ಮಾತ ಕೇಳ್ಲೇನ್ರಿ ಮೇಡಂ? ಸಿಟ್ಟಾಗಬಾರ್ದು. ನೀವು ನಿಮ್ಮ ಸಾಹೇಬರ್ನ ಹೆಸರ ಹಿಡದ ಕರೀತೀರೇನ್ರಿ?"

ಉಳಿದವರೆಲ್ಲ ತಲೆ ತಗ್ಗಿಸಿ ನೆಲ ನೋಡತೊಡಗಿದರು, ಹೆಗಲು ಮಾತ್ರ ಕುಲುಕುತ್ತಿದ್ದವು. ನಿಜ ಹೇಳಬೇಕೆಂದರೆ ನಾನು ಮೂವತ್ತು ಚಿಲ್ಲರೆ ವರ್ಷದಿಂದ ಅವರನ್ನು "ರೀ" ಎಂದೇ ಕರೆದವಳು. ಮಂದಿಯ ಮುಂದೆ "ನಮ್ಮ ಮನೆಯವರು". ಹೆಸರು ಬೇಕಾದದ್ದು ಬ್ಯಾಂಕಿನಲ್ಲಿ ಮಾತ್ರ.

ಆದರೆ ಸೋಲುವುದು ನನ್ನ ಜಾತಕದಲ್ಲಿಲ್ಲ. ಪರ್ಸಿನಿಂದ ಫೋನ್ ತೆಗೆದೆ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಅವರು ಎತ್ತಿದರು. "ಹಾಂ ಹೇಳು, ಕುಕ್ಕರ್ ಇಟ್ಟೀನಿ." ನಾನು ಗಂಟಲು ಸರಿಮಾಡಿಕೊಂಡು ಅವರ ಹೆಸರು ಹಿಡಿದು ಕರೆದೆ. ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ಆ ಕಡೆ ಸೌಟು ಬಿದ್ದ ಸದ್ದು. ಆಮೇಲೆ ಗಾಬರಿಯಿಂದ, "ಏನಾತು? ಯಾರಿಗೇನಾತು? ಎಲ್ಲಿ ಅದಿ ನೀ, ದವಾಖಾನ್ಯಾಗೇನು?"

"ಯಾರಿಗೂ ಏನೂ ಆಗಿಲ್ಲ. ಹೆಸರ ಕರದೆ, ಅಷ್ಟ."

"ಅದನ್ನ ಕೇಳಾಕತ್ತೀನಿ ನಾನೂ. ಏನಾತು?"

ಖೋಲಿ ಬಿದ್ದು ಬಿದ್ದು ನಕ್ಕಿತು. ಕೆಳಗಿನ ಕೋಚಿಂಗಿನವನು ಬಂದು ಬಾಗಿಲಲ್ಲಿ "ಏಂಟಿ ಮೇಡಂ ಈ ಗೋಲ" ಎಂದು ನಮ್ಮ ಗದ್ದಲಕ್ಕೆ ಬೇಸರಪಟ್ಟು ಹೋದ. ಯಾದಗಿರಿಯವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು ಮೆತ್ತಗೆ ಹೇಳಿದಳು. "ನಿಮ್ಮ ಸಾಹೇಬರು ಗಾಬರಿ ಆದ್ರು, ಅಷ್ಟ ಆತ್ರಿ. ನಮ್ಮತ್ತಿ ನನ್ನ ಹೊರಗ ಹಾಕ್ತಾಳ್ರಿ. ಎರಡೂ ಒಂದ ಅಲ್ರಿ ಮೇಡಂ."

ಅವಳು ಹೇಳಿದ್ದು ಸರಿ. ನನಗೆ ಕೂಕಟ್‌ಪಲ್ಲಿಯಲ್ಲಿ ನನ್ನ ಹೆಸರಿನಲ್ಲೇ ಫ್ಲಾಟಿದೆ, ಪಿಂಚಣಿ ಬರುತ್ತದೆ. ಅವಳಿಗೆ ಇರುವುದು ಅತ್ತೆಯ ಶೆಡ್ಡಿನಲ್ಲಿ ಒಂದು ಚಾಪೆಯ ಜಾಗ. ಸರಿ ಎಂದು ಒಪ್ಪಿಕೊಂಡೆ, ಆದರೆ ಹಿಂದೆ ಸರಿಯಲಿಲ್ಲ. "ಒಂದ ಅಲ್ಲ, ಖರೆ," ಎಂದೆ. "ಆದ್ರ ಲೆಕ್ಕಾ ಹಾಕು. ನೀ ಕರೀದಿದ್ರ ಆ ಹುಡುಗಿ ಮತ್ತ ಸಾಲಿಗೆ ಬರಂಗಿಲ್ಲ. ನೀ ಅಂಜಿದ್ದಕ್ಕ ದಂಡ ಅಕಿ ತೆರಬೇಕೇನು?" ಬುತ್ತಿ ತೆಗೆದುಕೊಂಡು ಎಲ್ಲರಿಗಿಂತ ಮೊದಲು ಇಳಿದು ಹೋದಳು.

ಅದಾದ ಮೇಲೆ ಅವಳು ತರಬೇತಿಗೆ ಬರಲಿಲ್ಲ. ಕೈ ಬಿಟ್ಟುಹೋದಳು ಎಂದು ನಾನು ಲೆಕ್ಕ ಹಾಕಿಕೊಂಡಿರುವಾಗಲೇ ಫೋನ್ ಬಂತು. "ನಾಳಿ ಮುಂಜಾನೆ ಕ್ಯಾಂಪಿಗೆ ಬರ್ರಿ. ಅಕಿನ್ನ ಕರಿಯಾಕ ಹೋಗೂನು." ಯಾಕೆ, ಏನು ಎಂದು ಕೇಳುವ ಮೊದಲೇ ಇಟ್ಟುಬಿಟ್ಟಳು.

ಮರುದಿನ ಮಿಯಾಪುರದಲ್ಲಿ ಇಳಿದು ಆಟೊ ಹಿಡಿದು ಹೋದೆ. ಕಟ್ಟಡದ ಕೆಳಗೆ ನಿಂತಿದ್ದಳು, ತಲೆ ಮೇಲೆ ಸೆರಗು ಭದ್ರವಾಗಿ ಹೊದ್ದು. ಕೆಂಪು ರಿಬ್ಬನಿನ ಹುಡುಗಿ ಮೂರನೆಯ ಅಂತಸ್ತಿನ ಸ್ಲ್ಯಾಬಿನ ಮೇಲೆ ತಮ್ಮನನ್ನು ಆಡಿಸುತ್ತಿದ್ದಾಳೆ ಎಂದಳು. ಗೋಡೆಯಿನ್ನೂ ಎದ್ದಿರಲಿಲ್ಲ. ಬರೀ ಕಂಬಗಳು. ಮೇಲೆ ಹೋಗಿ ಕರೆಯೋಣವೇ ಎಂದೆ. "ಬ್ಯಾಡ್ರಿ. ಇಲ್ಲಿಂದನ ಕರೀತೀನಿ." ಅವಳ ಕಣ್ಣು ಎಲ್ಲಿದೆ ಎಂದು ನೋಡಿದೆ. ಸ್ವಲ್ಪ ದೂರದಲ್ಲಿ ಅತ್ತೆ ಸೋಸುವ ಜಾಲಿಗೆ ಸಲಿಕೆಯಿಂದ ಉಸುಕು ಎಸೆಯುತ್ತಿದ್ದಳು. ಅತ್ತೆಗೆ ಕೇಳಲೆಂದೇ ಈ ಜಾಗ ಆರಿಸಿದ್ದಾಳೆ ಎಂದು ನನಗೆ ಆಗ ಹೊಳೆಯಿತು. ಬೆನ್ನ ಹಿಂದೆ ಕದ್ದು ಕರೆಯುವುದು ಅವಳಿಗೆ ಬೇಕಿರಲಿಲ್ಲ.

ಮೊದಲ ಸಲ ಕರೆದಾಗ ದನಿ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು, ಆದರೆ ಕಾಂಕ್ರೀಟ್ ಮಿಕ್ಸರ್ ಅದನ್ನು ನುಂಗಿತು. ಮೂರನೆಯ ಸಲ ಅವಳು ಎರಡೂ ಕೈ ಬಾಯಿಗೆ ಹಿಡಿದು, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು. ಅದೇ ಕ್ಷಣಕ್ಕೆ ಯಾಕೋ ಮಿಕ್ಸರಿನವನು ಮಷೀನು ನಿಲ್ಲಿಸಿದ. ಆ ಹೆಸರು ಇಡೀ ಸೈಟಿನ ತುಂಬ, ಎಲ್ಲ ಅಂತಸ್ತಿನಲ್ಲೂ ಕೇಳಿಸಿತು.

ಮೇಲಿನಿಂದ ಎರಡು ಜಡೆ ಇಣುಕಿತು. ಅಷ್ಟು ಎತ್ತರದಿಂದ, ಒಂದು ಕ್ಷಣವೂ ತಡಮಾಡದೆ, ಆ ಹುಡುಗಿ ಒದರಿದಳು. "ಬಂದೀನ್ರಿ ಅಕ್ಕೋರ!" ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದ ಉತ್ತರ ಅದು.

ಅತ್ತೆ ಸಲಿಕೆ ಒಗೆದು ಬಂದಳು. ಕಬ್ಬಿಣ ಕಟ್ಟುತ್ತಿದ್ದವರು, ಇಟ್ಟಿಗೆ ಹೊರುತ್ತಿದ್ದವರು, ಅವರ ನಡುವೆ ನಮ್ಮ ಟೀಚರಿನ ಗಂಡ, ಎಲ್ಲರೂ ನಿಂತಲ್ಲೇ ನಿಂತರು.

"ಯಾರ ಹೆಸರ ಹಿಡದ ಒದರಾಕತ್ತಿ?"

"ನಮ್ಮ ಹುಡುಗಿ ಹೆಸರ್ರಿ ಅತ್ತಿ."

"ಅದು ನನ್ನ ಹೆಸರು."

"ಹೌದ್ರಿ. ಅಕಿದೂ ಅದ ಐತ್ರಿ." ಸೆರಗು ತಲೆಯ ಮೇಲೇ ಇತ್ತು, ದನಿಯಲ್ಲಿ ಮರ್ಯಾದೆ ತಪ್ಪಿರಲಿಲ್ಲ, ಆದರೆ ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ. "ನಿಮ್ಮನ್ನ ನಾ ಯಾವತ್ತೂ ಹೆಸರ ಹಿಡದ ಕರ್ಯಂಗಿಲ್ರಿ. ಅಕಿನ್ನ ದಿನಾ ಕರೀತೀನ್ರಿ."

"ಹಂಗಾದ್ರ ನನ್ನ ಹೊಸ್ತಿಲ ತುಳೀಬ್ಯಾಡ," ಎಂದಳು ಅತ್ತೆ. ತಿರುಗಿ ಹೋಗಿ ಸಲಿಕೆ ಎತ್ತಿಕೊಂಡಳು. ಮಿಕ್ಸರ್ ಮತ್ತೆ ಶುರುವಾಯಿತು. ಮೆಟ್ಟಿಲಿಳಿದು ಬಂದ ಹುಡುಗಿ ತಮ್ಮನನ್ನು ಎಲ್ಲಿ ಬಿಡಲಿ ಎಂದು ನಿಂತಿದ್ದಳು. "ಅವನ್ನೂ ಕರಕೊಂಡ ಬಾ," ಎಂದು ಟೀಚರ್ ಕೂಸನ್ನು ತನ್ನ ಸೊಂಟಕ್ಕೆ ಹಾಕಿಕೊಂಡು ಶೆಡ್ಡಿನ ಕಡೆ ನಡೆದಳು.

ಆ ಸಂಜೆ ಅವಳ ಬಟ್ಟೆಯ ಚೀಲ ಅತ್ತೆಯ ಶೆಡ್ಡಿನ ಹೊರಗಿತ್ತು. ಗಂಡ ಅದನ್ನು ಎತ್ತಿ ತಂದು ಪಾಠದ ಖೋಲಿಯಲ್ಲಿಟ್ಟು, ಎರಡು ರೊಟ್ಟಿ ಕೊಟ್ಟು ಹೋದನಂತೆ. ನಾನು ನಮ್ಮ ಮನೆಗೆ ಬಾ ಎಂದೆ, ಎಷ್ಟು ದಿನವಾದರೂ ಇರು ಎಂದೆ. "ನಿಮ್ಮ ಮನಿಗೆ ಬಂದ್ರ ಓಡಿ ಹೋದ್ಲು ಅಂತಾರ್ರಿ ಮೇಡಂ. ನಾ ಯಾಕ ಓಡ್ಲಿ? ನಾ ಏನ್ ತಪ್ಪ ಮಾಡೀನಿ? ಇಲ್ಲೇ ಇರ್ತೀನಿ, ನನ್ನ ಸಾಲ್ಯಾಗ." ನನ್ನ ಸಾಲಿ ಎಂದು ಅವಳು ಅಂದದ್ದು ಅದೇ ಮೊದಲು. ಕ್ಯಾಂಪಿನ ಇಬ್ಬರು ಹೆಂಗಸರು ಅವಳ ಜೊತೆ ಮಲಗಲು ಬಂದರು. ಅದರಲ್ಲೊಬ್ಬಳು ಕೆಂಪು ರಿಬ್ಬನಿನ ಹುಡುಗಿಯ ಅವ್ವ.

ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ನಮ್ಮ ಮನೆಯವರು, ನೀನು ಆ ಹೆಣ್ಣುಮಗಳ ಸಂಸಾರ ಮುರಿದೆ ಎಂದರು. ಕ್ಯಾಂಪಿನ ಕೆಲವರೂ ಹಾಗೆಂದರು, ಸಂಸ್ಥೆಯಲ್ಲೊಬ್ಬರೂ ಹಾಗೆಂದರು. ಸ್ಥಳೀಯ ಪದ್ಧತಿಗಳ ವಿಷಯದಲ್ಲಿ ಸೂಕ್ಷ್ಮವಾಗಿರಬೇಕು ಎಂದು ನನಗೆ ಬುದ್ಧಿ ಹೇಳಿದರು. ಆ ಪದ್ಧತಿಯಲ್ಲೇ ಹುಟ್ಟಿ ಬೆಳೆದವಳು ನಾನು, ಅದರ ಸೂಕ್ಷ್ಮ ನನಗೆ ಕಲಿಸಬೇಡಿ ಎಂದೆ. ಮುರಿದರೆ ಮುರಿಯಲಿ ಎಂದು ಮಾತ್ರ ನಾನು ಹೇಳಲಾರೆ. ಅವಳ ಸಂಸಾರ ಅವಳದು. ಆದರೆ ಒಂಬತ್ತು ವರ್ಷದ ಹುಡುಗಿಯ ಹೆಸರನ್ನು ನುಂಗಿ ಉಳಿಸಿಕೊಳ್ಳಬೇಕಾದ ಶಾಂತಿ ನನಗೆ ಬೇಡ. ಈಗ ಕೇಳಿದರೂ ಇದನ್ನೇ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ನಾನು ತರಗತಿಯ ಹಿಂದೆ ಕೂತಿದ್ದೆ. ಹುಡುಗಿಯರು ಸಾಲಾಗಿ ಕೂತಿದ್ದರು, ಮೂಲೆಯಲ್ಲಿ ಕೆಂಪು ರಿಬ್ಬನ್, ಮಗ್ಗುಲಲ್ಲಿ ತಮ್ಮ. ಟೀಚರ್ ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ಹಾಜರಿ ಶುರುವಾಯಿತು. ಎರಡು ಹೆಸರು ಆಗಿತ್ತೋ ಇಲ್ಲವೋ, ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಅತ್ತೆ ಬಂದು ನಿಂತಿದ್ದಳು. ಒಳಗೆ ಬರಲಿಲ್ಲ. ಚೌಕಟ್ಟಿಗೆ ಕೈ ಊರಿ, ಸೊಸೆಯ ಮುಖವನ್ನೇ ನೋಡುತ್ತ ನಿಂತಳು. ಅವಳ ಹಿಂದೆ ಇನ್ನೂ ನಾಲ್ಕಾರು ಜನ, ನೋಡೋಣ ಏನಾಗುತ್ತದೆ ಎಂದು.

ಟೀಚರ್ ಹೆಸರುಗಳನ್ನು ಕರೆಯುತ್ತ ಹೋದಳು. ಒಬ್ಬೊಬ್ಬಳೇ ಎದ್ದು, ಬಂದೀನ್ರಿ ಅಕ್ಕೋರ ಎಂದು ಕೂತಳು. ಮೂಲೆಯ ಸರದಿ ಬಂತು. ಸಿಟ್ಟಿನಲ್ಲಿ, ಬಯಲಿನಲ್ಲಿ, ಒಂದು ಸಲ ಕೂಗುವುದು ಸುಲಭ. ಹೊರಗೆ ಹಾಕಿದ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ಇದು ನನ್ನ ದಿನದ ಕೆಲಸ ಎಂಬಂತೆ ಕರೆಯುವುದು ಬೇರೆ. ಅವಳ ತುಟಿ ಒಣಗಿದ್ದು ನನಗೆ ಹಿಂದಿನ ಸಾಲಿನಿಂದಲೂ ಕಾಣುತ್ತಿತ್ತು. ಬಿಟ್ಟು ಮುಂದೆ ಹೋಗುತ್ತಾಳೆ ಎಂದೇ ನನಗೆ ಅನ್ನಿಸಿತು. ಹೋಗಲಿಲ್ಲ. ಕರೆದಳು. ಆದರೆ ದನಿ ತೀರ ಸಣ್ಣಗಿತ್ತು, ಪಕ್ಕದವರಿಗೂ ಕೇಳಿಸದಷ್ಟು. ಹುಡುಗಿ ಏಳಬೇಕೋ ಬೇಡವೋ ತಿಳಿಯದೆ, ಅರ್ಧ ಎದ್ದು, ಬಾಗಿಲ ಕಡೆ ನೋಡಿದಳು.

ಅತ್ತೆ ಆ ಹುಡುಗಿಯನ್ನು ನೋಡಿದಳು. ಅರ್ಧ ಎದ್ದು ನಿಂತ ಆ ಮೈಯನ್ನು, ಗಾಬರಿಯ ಕಣ್ಣನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಅಂಜಿ ಅಂಜಿ ಯಾಕ ಕರೀತಿ? ಕಳ್ಳರ ಹೆಸರೇನ ಅದು?" ಅವಳ ದನಿಗೆ ತಗಡು ಝಲ್ಲೆಂದಿತು. "ಕರ್ಯಾದ ಇದ್ರ ದನಿ ಎತ್ತಿ ಕರಿ. ನನ್ನ ಹೆಸರದು."

ಸೊಸೆ ಸೆರಗು ಸರಿಮಾಡಿಕೊಂಡಳು, ಎದೆ ತುಂಬ ಉಸಿರು ತೆಗೆದುಕೊಂಡಳು, ಕರೆದಳು. ಹುಡುಗಿ ಪೂರ್ತಿ ಎದ್ದು ನಿಂತಳು.